ಅರವತ್ತೊಂದು ಕೀ, ಒಂದೇ ಭಾರ

ಹಂಪನಕಟ್ಟೆಯ ಅಂಗಡಿಯವ ಹೇಳಿಯೇ ಕೊಟ್ಟಿದ್ದ:
ಒಳಗಿರುವುದು ರಬ್ಬರಿನ ಬೊಟ್ಟು, ಒಂದು ಸ್ಪ್ರಿಂಗು, ಅಷ್ಟೇ ಮಾರಾಯ್ರೆ.
ಯಾವ ಸ್ವರ ಒತ್ತಿ, ಯಾವ ವಾದ್ಯ ಆರಿಸಿ,
ಕೀ ಕೆಳಗಿಳಿಯುವುದು ಅದೇ ಒಂದು ಸೆಂಟಿಮೀಟರು.

ನನ್ನ ಬೆರಳು ನಂಬಲಿಲ್ಲ.

ಶನಿವಾರ ಕುಲಶೇಖರದಲ್ಲಿ ರೋಸು.
ಎಣ್ಣೆ, ತೆಂಗಿನ ಹಾಲು ಇಳಿಯುತ್ತಿರುವ ಮದುಮಗನೆದುರು
ತುತ್ತೂರಿಯ ನಂಬರು ಒತ್ತಿ ನಿಂತರೆ
ಕೀ ಎಂದರೆ ಕಾದ ದೋಸೆಕಲ್ಲು;
ಮುಟ್ಟಿ ತೆಗೆಯಬೇಕು, ಅಲ್ಲೇ ಇಟ್ಟರೆ ಸ್ವರ ಸೀಯುತ್ತದೆ.
ಮರುದಿನ ಬೆಳಿಗ್ಗೆ ಇಗರ್ಜಿಯಲ್ಲಿ ಆರ್ಗನ್.
ಅಲ್ಲಿ ಒತ್ತುವ ಕೆಲಸವೇ ಇಲ್ಲ, ಬಿಡದಿರುವುದೇ ಕೆಲಸ.
ಒಂದು ಬೆರಳು ಏಳುವ ಮೊದಲೇ ಇನ್ನೊಂದು ಬಂದು ಕೂತಿರಬೇಕು,
ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫು ಹಾಕಿದ ಹಾಗೆ.
ಉರ್ವದ ಭಜನೆಗೆ ಹಾರ್ಮೋನಿಯಂ ಹಾಕಿದರೆ
ಎಡಗೈ ಇಲ್ಲದ ತಿದಿಯನ್ನು ಹುಡುಕುತ್ತದೆ,
ಎರಡು ಸಲ ಗಾಳಿ ನೂಕಿ,
ನಾಚಿ, ತೊಡೆಯ ಮೇಲೆ ಮಲಗುತ್ತದೆ.

ಕೊಳಲಾದರೆ ಉಸಿರು ಹಿಡಿಯುತ್ತೇನೆ.
ಯಾರೂ ಹಿಡಿ ಎಂದದ್ದಲ್ಲ.
ಸ್ವರ ಮುಗಿದ ಮೇಲೆ ಬಿಡುತ್ತೇನೆ.

(ನಡುವಿನ ಒಂದು ಮ ಉಪ್ಪುಗಾಳಿಗೆ ಸ್ವಲ್ಪ ಅಂಟುತ್ತದೆ.
ಶಹನಾಯಿಯಲ್ಲಿ ಅದನ್ನು ಗಮಕವೆಂದು ದಾಟಿಸುತ್ತೇನೆ.)

ಪಿಯಾನೋ ಮಾತ್ರ ಕೈಕೊಡುತ್ತದೆ.
ಬಲ್ಮಠದ ಏರಿನಲ್ಲಿ ಲಿಡ್ವಿನ್ ಟೀಚರ ಮನೆ;
ಅಲ್ಲಿ ಒಮ್ಮೆ ನಿಜವಾದದ್ದನ್ನು ಮುಟ್ಟಿದ್ದೆ.
ಕೀಯ ಆಚೆ ತುದಿಯಲ್ಲಿ ಯಾರೋ ಕೂತಿದ್ದರು,
ಏತದ ಇನ್ನೊಂದು ಬದಿಯಲ್ಲಿ ಕೂತಂತೆ.
ಒತ್ತಿದರೆ ಎದ್ದು, ತಂತಿಗೆ ಹೊಡೆದು, ಮತ್ತೆ ಕೂರುವರು.
ಕೂತದ್ದು ನನ್ನ ಬೆರಳ ಗೆಣ್ಣಿಗೆ ತಿಳಿಯುತ್ತಿತ್ತು.
"ಒತ್ತುವುದಲ್ಲ ಪುತಾ, ತೂಗುವುದು" ಅಂದರು ಟೀಚರು.
ಮನೆಗೆ ಬಂದು ನನ್ನ ಪ್ಲಾಸ್ಟಿಕ್ಕಿನಲ್ಲಿ ಪಿಯಾನೋ ಹಾಕಿದೆ.
ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.
ಕತ್ತಲಲ್ಲಿ, ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ
ಬೆರಳು ಮುಗ್ಗರಿಸಿತು.

ಆದರೂ ಸದ್ದು ಬದಲಾದಾಗ ಭಾರವೂ ಬದಲಾಗುತ್ತದೆಂದು
ಯಾವ ದೈವದ ಎದುರೂ ಹೇಳಬಲ್ಲೆ.
ಕಿವಿಯೇ ಬೆರಳಿಗೆ ಚಾಡಿ ಹೇಳುತ್ತಿರಬೇಕು.
ಇಲ್ಲವೇ ಅಂಗಡಿಯವ ಸುಳ್ಳ.

ರಾತ್ರಿ ಬೋಳಾರದ ಮನೆಯಲ್ಲಿ, ಪಕ್ಕದವರಿಗೆ ಹೆದರಿ,
ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ.
ಹೊರಗೆ ಕೇಳುವುದು ಬರೀ ಟಕ ಟಕ.
ಗೋಡೆಗೊರಗಿ ಅಮ್ಮ, ಮಡಿಲಲ್ಲಿ ತಡ್ಪೆ,
ಕಣ್ಣು ಮಂಜಾದ ಮೇಲೂ ದಿನಕ್ಕೆ ಆರುನೂರು ಬೀಡಿ.
"ಇತ್ತೆ ಕೊಳಲಾ?" ಅಂದಳು.
ವಯರು ಸರಿಯಾಗಿ ಚುಚ್ಚಿದೆಯೋ ನೋಡಿದೆ.
ಚುಚ್ಚಿತ್ತು.
ಹೇಳದೆ ಆರ್ಗನ್ನಿಗೆ ಬದಲಿಸಿದೆ.
"ಇದು ಇಗರ್ಜಿಯದ್ದು."
ಪಿಯಾನೋ ಹಾಕಿದೆ. ಸುಮ್ಮನಾದಳು.
ನೂಲು ಸುತ್ತಿ, ಉಗುರಿನಲ್ಲಿ ಬೀಡಿಯ ಬಾಯಿ ಮಡಚಿ,
"ಇದು ಯಾವುದೋ, ನಿನಗಿನ್ನೂ ಬಾರದ್ದು."

ಹೇಗೆ ಗೊತ್ತು ಅಂತ ಕೇಳಿದರೆ
ಬ್ರಾಂಚಿನ ಸೋಮಪ್ಪನ ಸುದ್ದಿ ತೆಗೆದಳು.
ಅವನು ಬೇರೆಲ್ಲೋ ನೋಡುತ್ತಾ ಕಟ್ಟು ಹಿಚುಕಿ ಹೇಳುತ್ತಿದ್ದನಂತೆ,
ಇದು ವಾರಿಜನ ಕೈ, ಇದು ಅವಳ ನಾದಿನಿಯದ್ದು.
ಎಲೆ ಒಂದೇ ಮೂಟೆಯದ್ದು,
ಹೊಗೆಸೊಪ್ಪು ಅವನೇ ತೂಗಿ ಕೊಟ್ಟದ್ದು.
"ಫ್ಯಾನು ಆಚೆ ತಿರುಗಿಸು, ಸೊಪ್ಪು ಹಾರುತ್ತದೆ."

ತಿರುಗಿಸಿದೆ. ಹೆಡ್‌ಫೋನ್ ತೆಗೆದೆ,
ಸ್ವಿಚ್ಚನ್ನೂ ಆರಿಸಿದೆ.
ಸತ್ತ ಕೀಗಳ ಮೇಲೆ ಕೈಯಿಟ್ಟು
ಆಚೆ ತುದಿಯಲ್ಲಿ ಯಾರನ್ನೋ ಕೂರಿಸಿಕೊಂಡೆ,
ಅವರು ಏಳುವವರೆಗೆ ಕಾದು
ಒಂದೇ ಒಂದು ಸ್ವರ ತೂಗಿದೆ.

ಟಕ.

ಅಮ್ಮನ ಕತ್ತರಿ ನಿಂತಿತು.
"ಇನ್ನೂ ಸಡಿಲ" ಅಂದಳು.
"ಕಟ್ಟು ಬಿಗಿಯಾದರೆ ಹೊಗೆ ಬರುವುದಿಲ್ಲ."